ಕೆರೆಯ ಹಸಿರು ಕೆನೆ ನಾಯಿಗೆ ವಿಷವಾದೀತು

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಬೆಂಗಳೂರಿನ ಕೆರೆಗಳ ಮೇಲೆ ಕಟ್ಟುವ ಹಸಿರು ಕೆನೆ ನಾಯಿಗಳ ಜೀವಕ್ಕೆ ಎರವಾಗಬಲ್ಲದು. ಆದರೆ ನಾನು ನಡೆದಾಡುವ ಏರಿಯ ಮೇಲೆ ಆ ಕುರಿತು ಒಂದು ಸಾಲಿನ ಎಚ್ಚರಿಕೆಯೂ ಇಲ್ಲ.

ಕೊಳಚೆ ನೀರು ಹೊತ್ತು ತರುವ ಸಾರಜನಕ, ರಂಜಕಗಳಿಗೆ ಬಿಸಿಲು ಕೂಡಿದರೆ ನೀಲಿ-ಹಸಿರು ಪಾಚಿ ಹುಲುಸಾಗಿ ಬೆಳೆದು ಈ ಕೆನೆ ಕಟ್ಟುತ್ತದೆ. ಹೆಸರಿಗಷ್ಟೇ ಪಾಚಿ, ನಿಜದಲ್ಲಿ ಅದು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ. ಅದರ ಕೆಲವು ಬಗೆಗಳು ಹೊರಹಾಕುವ ಮೈಕ್ರೊಸಿಸ್ಟಿನ್ ಎಂಬ ವಿಷ ಯಕೃತ್ತನ್ನು ಹಾಳುಗೆಡವುತ್ತದೆ; ನರಗಳಿಗೆ ತಗಲುವ ವಿಷವಾದರೆ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಯಾವ ಪಾಚಿಯಲ್ಲಿ ವಿಷವಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ನಾಯಿ ನೀರು ಕುಡಿಯಲೇಬೇಕೆಂದೂ ಇಲ್ಲ, ಈಜಿ ಬಂದು ಮೈ ನೆಕ್ಕಿಕೊಂಡರೂ ಸಾಕು.

ಕಳೆದ ವಾರ ಬಣ್ಣದ ಡಬ್ಬಿ ಚೆಲ್ಲಿದಂತಿದ್ದ ನೀರಿಗೆ ಒಬ್ಬರು ಚೆಂಡು ಎಸೆದು ತಮ್ಮ ನಾಯಿಯನ್ನು ಇಳಿಸುತ್ತಿದ್ದರು. ತಡೆದಾಗ, ‘ಬರೀ ಪಾಚಿ ತಾನೇ?’ ಎಂದು ನಕ್ಕರು.

ಸಾಕುನಾಯಿಗೆ ಮನೆಯ ನೀರಾದರೂ ಇದೆ, ಬೀದಿನಾಯಿಗೆ ಕೆರೆಯೇ ಗತಿ. ಪಾಚಿ ಕಟ್ಟಿದ ದಿನಗಳಲ್ಲಿ ಕೆರೆಯ ಪ್ರವೇಶದ್ವಾರಗಳಲ್ಲಿ ಕನ್ನಡದ ಎಚ್ಚರಿಕೆ ಫಲಕ ಹಾಕಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು. ಸುತ್ತಲಿನ ನಿವಾಸಿಗಳು ಗೇಟಿನ ಬಳಿ ನೆರಳಿನಲ್ಲಿ ಸಿಮೆಂಟಿನ ಪುಟ್ಟ ತೊಟ್ಟಿಯಿಟ್ಟು ದಿನವೂ ನೀರು ಬದಲಿಸುವ ಹೊಣೆ ಹೊರಲಿ.

– ಓದುಗ, ಬೆಂಗಳೂರು