ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರೆ ಚಿತ್ರ ಉಳಿಯದು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷ ನಡೆಸುವ ಚಿತ್ರಸಂತೆಯ ಮರುದಿನ ಪತ್ರಿಕೆಗಳಲ್ಲಿ ಬರುವ ಸುದ್ದಿ ಹೆಚ್ಚುಕಡಿಮೆ ಒಂದೇ: ಎಷ್ಟು ಲಕ್ಷ ಜನ ಬಂದರು, ಎಷ್ಟು ಕೋಟಿ ವಹಿವಾಟಾಯಿತು. ಒಂದಕ್ಕೊಂದು ಅಂಟಿಕೊಂಡ ಕ್ಯಾನ್ವಾಸು, ಬಸ್ಸಿನ ಸಾಮಾನು ಡಿಕ್ಕಿಯಲ್ಲಿ ಒಡೆದ ಗಾಜು, ಚೌಕಟ್ಟಿನೊಳಗೇ ಬೆವತ ಜಲವರ್ಣ ಆ ಲೆಕ್ಕಕ್ಕೆ ಸಿಗುವುದಿಲ್ಲ. ಊರ ಸಂತೆಯಲ್ಲಿ ಸೊಪ್ಪು ಮಾರುವವರು ಬಿಸಿಲೇರುವ ಮೊದಲೇ ಗೋಣಿ ಒದ್ದೆ ಮಾಡಿ ಹೊದಿಸುತ್ತಾರೆ, ಟಾರ್ಪಾಲಿನ ನಾಲ್ಕು ಮೂಲೆಗೂ ಕಲ್ಲು ಹೇರುತ್ತಾರೆ. ನಾಲ್ಕೈದು ವರ್ಷ ಕಲಾ ಶಾಲೆಯಲ್ಲಿ ಓದಿ ಬರುವ ನಮ್ಮ ಮಕ್ಕಳಿಗೆ ಸಂತೆಯ ಈ ವಿದ್ಯೆಯನ್ನು ಯಾರೂ ಕಲಿಸುತ್ತಿಲ್ಲ. ಈ ಪತ್ರ ಅದಕ್ಕಾಗಿ.

ಮೊದಲು ಬಣ್ಣ ಒಣಗುವ ಮಾತು. ಸಂತೆ ಹೊತ್ತಿಗೆ ಮೂರು ಮೊಳ ನೇಯುವುದು ಅನ್ನುತ್ತಾರಲ್ಲ, ತೈಲವರ್ಣದಲ್ಲಿ ಅದು ನಡೆಯುವುದೇ ಇಲ್ಲ. ಆ ಬಣ್ಣ ಕಲಸಿರುವ ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ರಾತ್ರಿಯಿಡೀ ಫ್ಯಾನ್ ಹಾಕಿದರೂ ಮೇಲೆ ಕೆನೆ ಕಟ್ಟುತ್ತದೆಯೇ ಹೊರತು ಒಳಗೆ ಹಸಿಯೇ ಇರುತ್ತದೆ. ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು, ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ತಡ. ದಪ್ಪಗೆ ಬಳಿದ ಕಡೆ ಉಗುರನ್ನು ಮೆಲ್ಲಗೆ ಒತ್ತಿ ನೋಡಿ, ಗುರುತು ಬಿದ್ದರೆ ಆ ಚಿತ್ರ ಇನ್ನೂ ಸಂತೆಗೆ ಸಿದ್ಧವಿಲ್ಲ. ಜನವರಿಯ ಸಂತೆಗೆ ತೈಲವರ್ಣದ ಕೆಲಸ ದಸರಾ ಹೊತ್ತಿಗೇ ಮುಗಿದಿರಬೇಕು. ದೀಪಾವಳಿಯ ನಂತರ ಹೊಸದಾಗಿ ಕೈಗೆತ್ತಿಕೊಳ್ಳುವುದಾದರೆ ಅಕ್ರಿಲಿಕ್ ಅಥವಾ ಜಲವರ್ಣವೇ ಕ್ಷೇಮ.

ಅಕ್ರಿಲಿಕ್ ಬೇಗ ಒಣಗುತ್ತದೆ ಎಂದು ನಂಬಿದವರಿಗೆ ಬೇರೆ ತೊಂದರೆ ಕಾದಿರುತ್ತದೆ. ಆ ಬಣ್ಣದ ಪದರ ಒಂದು ಬಗೆಯ ಪ್ಲಾಸ್ಟಿಕ್ಕು. ಒಣಗಿದ ಮೇಲೂ ಬಿಸಿ ತಗುಲಿದರೆ ಮೆತ್ತಗಾಗಿ ಅಂಟಂಟಾಗುತ್ತದೆ. ಎರಡು ಕ್ಯಾನ್ವಾಸುಗಳನ್ನು ಮುಖಕ್ಕೆ ಮುಖ ಸೇರಿಸಿ ಕಟ್ಟಿ, ಮಧ್ಯಾಹ್ನ ಕಾರಿನಲ್ಲಿ ಬಿಟ್ಟರೆ ಸಂಜೆ ಎರಡೂ ಒಂದಾಗಿರುತ್ತವೆ. ನಡುವೆ ಪತ್ರಿಕೆಯ ಹಾಳೆ ಇಟ್ಟಿದ್ದರೆ ಅಕ್ಷರಗಳ ಸಮೇತ ಅಂಟುತ್ತದೆ. ಬಬಲ್ ರ‍್ಯಾಪನ್ನು ಗುಳ್ಳೆ ಒಳಮುಖವಾಗಿ ಸುತ್ತಿದರೆ ಆಕಾಶದ ತುಂಬ ದುಂಡು ದುಂಡು ಗುರುತು. ಬೇಕರಿಯವರು ಕೇಕಿನ ಕೆಳಗೆ ಹಾಕುವ ಸಿಲಿಕೋನ್ ಲೇಪದ ಕಾಗದವನ್ನು ಮೊದಲು ಹೊದಿಸಿ, ಅದರ ಮೇಲೆ ಬಬಲ್ ರ‍್ಯಾಪನ್ನು ಗುಳ್ಳೆ ಹೊರಕ್ಕೆ ಬರುವಂತೆ ಸುತ್ತಬೇಕು. ನಾಲ್ಕು ಮೂಲೆಗೂ ಮಡಚಿದ ರಟ್ಟಿನ ಟೋಪಿ ಹಾಕಿದರೆ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಇಂಚು ಸಂದು ಉಳಿಯುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ನಿಲ್ಲಿಸಿ ಇಡಬೇಕು. ಮಲಗಿಸಿದರೆ ಯಾರದೋ ಸೂಟ್‌ಕೇಸು ಅದರ ಮೇಲೆ ಬೀಳುವುದು ಖಚಿತ. ಅಷ್ಟಾಗಿಯೂ ಅಂಟಿಕೊಂಡರೆ ಎಳೆದು ಕೀಳಬೇಡಿ. ನೆರಳಿನಲ್ಲಿ ತಣ್ಣಗಾಗಲು ಬಿಟ್ಟು, ಅಂಚಿನಿಂದ ಗಟ್ಟಿ ದಾರವನ್ನು ತೂರಿಸಿ ಗರಗಸದಂತೆ ನಿಧಾನವಾಗಿ ಆಡಿಸುತ್ತ ಬಿಡಿಸಬೇಕು.

ದೊಡ್ಡ ಕ್ಯಾನ್ವಾಸನ್ನು ಸುತ್ತಿ ಒಯ್ಯುವವರು ಬಣ್ಣ ಕೆಡಬಾರದೆಂದು ಬಣ್ಣದ ಮುಖವನ್ನು ಒಳಗೆ ಮಾಡಿ ಸುತ್ತುತ್ತಾರೆ. ಅದು ತಪ್ಪು. ಒಳಗೆ ಮಾಡಿದರೆ ಬಣ್ಣದ ಪದರ ಮುದುಡಿ ಸುಕ್ಕಾಗುತ್ತದೆ. ಮುಖ ಹೊರಗಿರಬೇಕು, ಸುರುಳಿ ಸಡಿಲವಾಗಿರಬೇಕು. ಒಳಗಿನ ಕೊಳವೆ ನಾಲ್ಕಿಂಚಿಗಿಂತ ಸಣ್ಣದಿರಬಾರದು, ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನ ತುಂಡು ಸಾಕು. ಮೈಸೂರು ಶೈಲಿ, ತಂಜಾವೂರು ಶೈಲಿಯ ಚಿತ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಸುತ್ತುವಂತಿಲ್ಲ. ಚಿನ್ನದ ರೇಕಿನ ಕೆಳಗೆ ಉಬ್ಬುಗೆಲಸ ಇರುತ್ತದೆ. ಬಾಗಿದರೆ ಅದು ಬಿರುಕು ಬಿಟ್ಟು ರೇಕಿನ ಸಮೇತ ಉದುರುತ್ತದೆ.

ಕಾಗದದ ಮೇಲಿನ ಕೆಲಸಕ್ಕೆ ಬಿಸಿಲೇ ಶತ್ರು. ಬೆಳಿಗ್ಗೆ ಏಳಕ್ಕೆ ನೆರಳಿದ್ದ ಜಾಗದಲ್ಲಿ ಹನ್ನೊಂದಕ್ಕೆ ನೆಟ್ಟಗೆ ಬಿಸಿಲು ಬೀಳುತ್ತದೆ. ಗಾಜು ಹಾಕಿದ ಜಲವರ್ಣ ಬಿಸಿಲಿಗೆ ಕಾದಾಗ ಕಾಗದದೊಳಗಿನ ತೇವ ಹೊರಬಂದು ಗಾಜಿನ ಒಳಮೈಯಲ್ಲಿ ಹನಿಗಟ್ಟುತ್ತದೆ. ಚಿತ್ರ ಗಾಜಿಗೆ ತಾಗಿಕೊಂಡಿದ್ದರೆ ಆ ಹನಿ ಬಣ್ಣಕ್ಕಿಳಿದು ಕಲೆಯಾಗುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡು, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು, ಇರುವುದು ಬರೀ ಅಂದಕ್ಕಲ್ಲ, ಈ ಸಂದಿಗಾಗಿ. ಕಾಗದವನ್ನು ಬೋರ್ಡಿಗೆ ಮೇಲಂಚಿನಲ್ಲಿ ಎರಡು ಕಡೆ ಮಾತ್ರ, ಗೋಧಿ ಪಿಷ್ಟದ ಅಂಟು ಹಚ್ಚಿದ ತೆಳು ಕಾಗದದ ಪಟ್ಟಿಯಿಂದ ಹಿಡಿಸಬೇಕು. ನಾಲ್ಕೂ ಅಂಚಿಗೆ ಸೆಲೋ ಟೇಪು ಬಿಗಿದರೆ ಹಿಗ್ಗಲು ಕುಗ್ಗಲು ಜಾಗವಿಲ್ಲದೆ ಕಾಗದ ಅಲೆಯಲೆಯಾಗಿ ಏಳುತ್ತದೆ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೂ ಇಳಿಯುತ್ತದೆ. ಕೋವಿಡ್ ಕಾರಣಕ್ಕೆ 2021ರಲ್ಲಿ ಆನ್‌ಲೈನ್‌ನಲ್ಲಿ ನಡೆದ ಸಂತೆ 2022ರಲ್ಲಿ ಮಾರ್ಚ್ ಕೊನೆಗೆ ಬಂತು. ಜನವರಿಯ ಎಳೆ ಬಿಸಿಲಿಗೆ ಮಾಡಿಕೊಂಡ ಸಿದ್ಧತೆ ಮಾರ್ಚಿನ ಬಿಸಿಲಿಗೆ ಸಾಲದು, ತಲೆಯ ಮೇಲೊಂದು ಬಿಳಿ ಬಟ್ಟೆಯ ಚಪ್ಪರ ಬೇಕೇ ಬೇಕು. ಬಣ್ಣದ ಬಟ್ಟೆ ಕಟ್ಟಬಾರದು. ನೀಲಿ ಟಾರ್ಪಾಲಿನ ಕೆಳಗೆ ಎಲ್ಲ ಚಿತ್ರಗಳೂ ನೀಲಿಯೇ.

ಚೌಕಟ್ಟಿಗೆ ಗಾಜೋ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೋ ಎಂಬ ಪ್ರಶ್ನೆ ಪ್ರತಿವರ್ಷ ಏಳುತ್ತದೆ. 18×24 ಇಂಚಿನ ಚೌಕಟ್ಟಿಗೆ 2 ಮಿ.ಮೀ. ಗಾಜು ಸುಮಾರು 1.4 ಕಿಲೋ ತೂಗುತ್ತದೆ, ಅಷ್ಟೇ ದಪ್ಪದ ಅಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ. ಹತ್ತು ಚಿತ್ರ ಹೊತ್ತು ಬರುವವರಿಗೆ ಇದು ಏಳೆಂಟು ಕಿಲೋ ವ್ಯತ್ಯಾಸ, ಒಡೆಯುವ ಭಯವೂ ಇಲ್ಲ. ಆದರೆ ಇದ್ದಿಲು ಮತ್ತು ಒಣ ಪೇಸ್ಟಲ್ ಕೆಲಸಕ್ಕೆ ಅಕ್ರಿಲಿಕ್ ಬೇಡ. ಒಣ ಬಟ್ಟೆಯಿಂದ ಒರೆಸಿದಾಗ ಹಾಳೆಯಲ್ಲಿ ಸ್ಥಾಯೀ ವಿದ್ಯುತ್ ಏಳುತ್ತದೆ, ಅದು ಕಾಗದದ ಮೇಲಿನ ಪುಡಿಯನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಸಂಜೆ ನೋಡಿದರೆ ಮುಖಚಿತ್ರದ ಕೆನ್ನೆಯ ನೆರಳು ಹಾಳೆಯ ಒಳಮೈಗೆ ಹೋಗಿರುತ್ತದೆ. ಅಂಥವಕ್ಕೆ ಗಾಜೇ ಸರಿ. ಅಕ್ರಿಲಿಕ್ ಹಾಳೆಯ ಧೂಳು ತೆಗೆಯಲು ಹಿಂಡಿದ ಒದ್ದೆ ಹತ್ತಿ ಬಟ್ಟೆ ಸಾಕು. ಕಿಟಕಿ ಗಾಜಿಗೆ ಸಿಂಪಡಿಸುವ ಅಮೋನಿಯಾ ಇರುವ ದ್ರವ ಹಾಕಿದರೆ ಅದು ಮಬ್ಬಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಇನ್ನು ಗಾಳಿ. ಗಂಟೆಗೆ 30 ಕಿ.ಮೀ. ವೇಗದ ಒಂದು ಬೀಸು 3×4 ಅಡಿಯ ಕ್ಯಾನ್ವಾಸಿನ ಮೇಲೆ ಸುಮಾರು ಐದು ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಚಿತ್ರ ನಿಲ್ಲಿಸುವ ಎರಡು ಮೂರು ಕಿಲೋದ ಮರದ ಈಸಲ್ ಇದನ್ನು ತಡೆಯಲಾರದು, ಚಿತ್ರವೇ ಹಾಯಿಯಾಗಿ ಈಸಲನ್ನು ಕೆಡವುತ್ತದೆ. ಈಸಲ್ ತರುವುದೇ ಆದರೆ ನಡುಗಾಲಿಗೆ 20 ಲೀಟರಿನ ನೀರಿನ ಕ್ಯಾನ್ ಕಟ್ಟಿ. ತುಂಬಿದ ಕ್ಯಾನ್ 20 ಕಿಲೋ, ಊರಿನಿಂದ ಹೊತ್ತು ತರಬೇಕಾಗಿಲ್ಲ. ಅದಕ್ಕಿಂತ ಒಳ್ಳೆಯದು ಕಬ್ಬಿಣದ ಜಾಲರಿ. 2×5 ಅಡಿಯ ಮೂರು ಜಾಲರಿಗಳನ್ನು ಒಂದರ ಪಕ್ಕ ಒಂದು ಕೋನವಾಗಿ ನಿಲ್ಲಿಸಿ ಕೇಬಲ್ ಟೈ ಬಿಗಿದರೆ ತಾನಾಗಿ ನಿಲ್ಲುತ್ತದೆ. ಗಾಳಿಯೂ ಕಣ್ಣುಗಳ ನಡುವೆ ನುಸುಳಿ ಹೋಗುತ್ತದೆ. ಪ್ರತಿ ಚಿತ್ರವನ್ನು ಮೇಲೆ ಎರಡು ಕಡೆ, ಕೆಳಗೆ ಒಂದು ಕಡೆ ಕಟ್ಟಬೇಕು. ಕೆಳಗೆ ಕಟ್ಟದ ಚಿತ್ರ ದಿನವಿಡೀ ಜಾಲರಿಗೆ ಬಡಿದುಕೊಂಡು ಹಿಂಬದಿಯ ಬಟ್ಟೆ ಸವೆಯುತ್ತದೆ. ಬೇಲಿಗೆ ಕಟ್ಟುವವರು ತಂತಿಯ ಬದಲು ಸುತಳಿ ಬಳಸಲಿ. ಮರಕ್ಕೆ ಮೊಳೆ ಹೊಡೆಯಬಾರದು. ಆ ರಸ್ತೆಯಲ್ಲಿ ನಮಗೆ ನೆರಳು ಕೊಡುತ್ತಿರುವುದೇ ಆ ಮರಗಳು.

ಬೆಲೆಯ ವಿಷಯದಲ್ಲಿ ಸಂಕೋಚವೇ ದೊಡ್ಡ ನಷ್ಟ. ಬೆಲೆ ಬರೆಯದ ಚಿತ್ರದ ಮುಂದೆ ನಿಂತವರು ಕೇಳಲು ಹಿಂಜರಿದು ಮುಂದೆ ಹೋಗುತ್ತಾರೆ. ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ ಐದನ್ನೂ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ, ಕನ್ನಡದಲ್ಲೂ ಇರಲಿ. ಚದರ ಇಂಚಿಗೆ ಇಷ್ಟು ಎಂದು ಲೆಕ್ಕ ಹಾಕುವುದು ರೂಢಿ. ಇಂಚಿಗೆ 20 ರೂಪಾಯಿಯಂತೆ 12×16ರ ಚಿತ್ರಕ್ಕೆ 3,840 ಬಂದರೆ 24×36ಕ್ಕೆ 17,280 ಆಗುತ್ತದೆ. ಸಣ್ಣದು ಮಾರಾಟವಾಗಿ ದೊಡ್ಡದು ಪ್ರತಿವರ್ಷ ಮನೆಗೆ ಮರಳುವುದಕ್ಕೆ ಒಂದು ಕಾರಣ ಇದು. ಉದ್ದ ಅಗಲ ಕೂಡಿಸಿ ಬಂದ ಮೊತ್ತವನ್ನು ಒಂದು ದರದಿಂದ ಗುಣಿಸುವುದು ಮೇಲು. 150 ರೂಪಾಯಿ ದರದಲ್ಲಿ ಸಣ್ಣದಕ್ಕೆ 4,200, ದೊಡ್ಡದಕ್ಕೆ 9,000. ಚೌಕಟ್ಟಿನ ಖರ್ಚು ಇದರ ಮೇಲೆ ಬೇರೆ. ಬೆಳಿಗ್ಗೆ ಒಂದು ಬೆಲೆ ಹೇಳಿ ರಾತ್ರಿ ಎಂಟಕ್ಕೆ ಅರ್ಧಕ್ಕೆ ಕೊಡುವುದನ್ನು ಕಲಾವಿದರು ದಯವಿಟ್ಟು ಬಿಡಬೇಕು. ಬೆಳಿಗ್ಗೆ ಪೂರ್ತಿ ಹಣ ಕೊಟ್ಟು ಕೊಂಡವರಿಗೆ ಅದು ಮಾಡುವ ಅನ್ಯಾಯ, ಪಕ್ಕದ ಕಲಾವಿದರಿಗೂ ಪೆಟ್ಟು.

ಮುದ್ರಣ ಪ್ರತಿ ಮಾರುವುದರಲ್ಲಿ ತಪ್ಪೇನಿಲ್ಲ, ಅದನ್ನು ಮೂಲಕೃತಿ ಎಂದು ಮಾರುವುದು ಮೋಸ. ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಜೆಲ್ಲನ್ನು ಕುಂಚದಿಂದ ಎಳೆದು ಕೈಕೆಲಸದಂತೆ ತೋರಿಸುವ ಚಾಳಿ ಹೆಚ್ಚುತ್ತಿದೆ. ಕೊಳ್ಳುವವರು ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಲಿ. ಕೈಯಿಂದ ಬರೆದದ್ದರಲ್ಲಿ ಬಣ್ಣ ಬದಲಾಗುವ ಕಡೆ ಕುಂಚದ ಏಣೂ ಬದಲಾಗುತ್ತದೆ. ಜೆಲ್ ಬಳಿದದ್ದರಲ್ಲಿ ಏಣು ಒಂದು ದಿಕ್ಕಿಗೆ, ಕೆಳಗಿನ ಎಲೆಯೋ ಕಣ್ಣೋ ಇನ್ನೊಂದು ದಿಕ್ಕಿಗೆ ಹೋಗುತ್ತಿರುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಸುಲಭ, ಬಣ್ಣವೆಲ್ಲ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಪ್ರತಿ ಮಾರುವವರು ಮೂಲೆಯಲ್ಲಿ 3/50 (ಐವತ್ತರಲ್ಲಿ ಮೂರನೆಯ ಪ್ರತಿ) ಎಂದು ಪೆನ್ಸಿಲ್ಲಿನಲ್ಲಿ ಬರೆದು ಸಹಿ ಹಾಕಿದರೆ, ಐವತ್ತರ ಮೇಲೆ ಇನ್ನೊಂದು ತೆಗೆಯುವುದಿಲ್ಲ ಎಂಬ ಮಾತು ಕೊಟ್ಟಂತೆ. ಆ ಮಾತು ಉಳಿಸಿಕೊಳ್ಳಬೇಕು.

ಹಕ್ಕುಸ್ವಾಮ್ಯದ ಬಗ್ಗೆಯೂ ಗೊಂದಲವಿದೆ. ಸಂತೆಯಲ್ಲಿ ಚಿತ್ರ ಕೊಂಡವರಿಗೆ ಆ ವಸ್ತು ಸೇರುತ್ತದೆ, ಅದನ್ನು ಕ್ಯಾಲೆಂಡರಿಗೋ ಟೀ ಶರ್ಟಿಗೋ ಅಚ್ಚು ಹಾಕುವ ಹಕ್ಕು ಸೇರುವುದಿಲ್ಲ. ಅದು ಬೇಕಾದರೆ ಲಿಖಿತ ಒಪ್ಪಂದ ಬೇಕು. ಆದರೆ ಅಲ್ಲೇ ಕುಳಿತು ಹಣ ಕೊಟ್ಟು ಬರೆಸಿಕೊಂಡ ಭಾವಚಿತ್ರದ ಸಂಗತಿ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಮೊದಲ ಹಕ್ಕುದಾರರು ಬರೆಸಿಕೊಂಡವರೇ. ಪೆನ್ಸಿಲ್ ಭಾವಚಿತ್ರ ಬರೆಯುವ ಹುಡುಗರಿಗೆ ಇದು ಗೊತ್ತಿರುವುದು ಒಳ್ಳೆಯದು.

ಹಣ ಪಡೆಯುವಾಗ: ಜನ ಸೇರಿದಷ್ಟೂ ಮೊಬೈಲ್ ನೆಟ್‌ವರ್ಕ್ ಸೊರಗುತ್ತದೆ. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಒಂದಿಷ್ಟು ಚಿಲ್ಲರೆಯೂ ಇರಲಿ. ಎದುರಿನವರು ತೋರಿಸುವ ಸ್ಕ್ರೀನ್‌ಶಾಟನ್ನು ನಂಬದೆ ನಿಮ್ಮ ಖಾತೆಗೆ ಹಣ ಬಂದದ್ದನ್ನು ನೋಡಿಯೇ ಚಿತ್ರ ಕೈಗೆ ಕೊಡಿ. ಜನವರಿಯಲ್ಲಿ ಆರು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ, ಕೆಲಸ ಮುಗಿಸಿ ಬರುವವರು ಆಮೇಲೆಯೇ ಬರುವುದು. 20,000 ಎಂಎಎಚ್ ಪವರ್ ಬ್ಯಾಂಕಿನಿಂದ 5 ವ್ಯಾಟಿನ ಎರಡು ಯುಎಸ್‌ಬಿ ದೀಪ ನಾಲ್ಕು ಗಂಟೆ ಉರಿಯುತ್ತವೆ. ಬಿಳಿ ಬೆಳಕಿನವೇ ಇರಲಿ, ಹಳದಿ ದೀಪದಲ್ಲಿ ನೀಲಿ ಬೂದಿಯಾಗುತ್ತದೆ. ದೀಪವನ್ನು ಮೇಲಿನಿಂದ ಓರೆಯಾಗಿ ಬಿಟ್ಟರೆ ಗಾಜು ಹೊಳೆಯುವುದಿಲ್ಲ.

ಪರಿಷತ್ತಿನವರು ಇಷ್ಟು ದೊಡ್ಡ ಸಂತೆಯನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿರುವುದೇ ನಮ್ಮ ಕಲಾವಿದರ ಭಾಗ್ಯ. ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ದೂರದ ಊರುಗಳಿಂದ ರಾತ್ರಿ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಬೆಳಿಗ್ಗೆ ಐದಕ್ಕೇ ಇಳಿಯುತ್ತಾರೆ. ಆ ಹೊತ್ತಿಗೆ ಶೌಚಾಲಯ ತೆರೆದಿರಲಿ, ಸಾಮಾನು ಇಳಿಸಿ ಕೂರಲು ಒಂದು ಜಾಗವಿರಲಿ. ಒಬ್ಬರೇ ಬಂದ ಕಲಾವಿದೆ ಹತ್ತು ನಿಮಿಷ ಎದ್ದು ಹೋಗಬೇಕಾದರೆ ಅಂಗಡಿ ನೋಡಿಕೊಳ್ಳಲು ಇಂತಿಷ್ಟು ಮಳಿಗೆಗೆ ಒಬ್ಬರಂತೆ ಸ್ವಯಂಸೇವಕ ವಿದ್ಯಾರ್ಥಿಗಳಿರಲಿ. ಈ ಹತ್ತು ನಿಮಿಷಕ್ಕಾಗಿಯೇ ದಿನವಿಡೀ ನೀರು ಕುಡಿಯದೆ ಕೂರುವವರಿದ್ದಾರೆ. ರಾಜ್ಯದ ಕಲಾ ಶಾಲೆಗಳು ಅಂತಿಮ ವರ್ಷದವರಿಗೆ ಚೌಕಟ್ಟು ಕಟ್ಟುವುದು, ಪ್ಯಾಕ್ ಮಾಡುವುದು, ಬೆಲೆ ಹಾಕುವುದು, ರಸೀದಿ ಬರೆಯುವುದನ್ನು ಎರಡು ದಿನದ ಪ್ರಾಯೋಗಿಕ ತರಗತಿಯಾಗಿ ಡಿಸೆಂಬರ್ ಮೊದಲ ವಾರದಲ್ಲೇ ಇಟ್ಟುಕೊಳ್ಳಲಿ. ಆ ಹೊತ್ತಿಗೆ ಕಲಿತರೆ ಚೌಕಟ್ಟು ಬದಲಿಸಲು ಇನ್ನೂ ಸಮಯವಿರುತ್ತದೆ.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಸಂತೆಯ ಹಿಂದಿನ ದಿನದ ಸಂಚಿಕೆಯಲ್ಲಿ ವಾಹನ ಸಂಚಾರ ಬದಲಾವಣೆಯ ನಕ್ಷೆ ಹೇಗೂ ಅಚ್ಚಾಗುತ್ತದೆ. ಅದರ ಪಕ್ಕದಲ್ಲೇ ಕೊಳ್ಳುವವರಿಗೆ ನಾಲ್ಕು ಸಾಲು ಹಾಕಿ: ಕಲಾವಿದರ ಸಹಿ ಇರುವ ರಸೀದಿ ಕೇಳಿ ಪಡೆಯಿರಿ, ಮನೆಯಿಂದ ಹಳೆಯ ಬೆಡ್‌ಶೀಟೊಂದು ತನ್ನಿ, ಎರಡಡಿಗಿಂತ ದೊಡ್ಡ ಚಿತ್ರವನ್ನು ಬೈಕಿನ ಹಿಂದೆ ಅಡ್ಡ ಹಿಡಿದು ಒಯ್ಯಬೇಡಿ, ಆಟೊ ಹಿಡಿಯಿರಿ, ಮನೆಯಲ್ಲಿ ಕಿಟಕಿಯ ಬಿಸಿಲು ಬೀಳದ, ಹೊರಗೋಡೆಯಲ್ಲದ ಗೋಡೆಗೆ ತೂಗುಹಾಕಿ, ಮಳೆಗಾಲದಲ್ಲಿ ಹೊರಗೋಡೆ ಬೆವತರೆ ಚಿತ್ರದ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ಇತಿ,
ಓದುಗ ಕಲಾವಿದರೊಬ್ಬರು, ಮೈಸೂರು