ಬಾಬರ್ ಬೈಕ್‌ಗೂ ಆರ್‌ಸಿಯಲ್ಲಿ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ಮಾರ್ಪಡಿಸಿದ ಬೈಕ್‌ಗಳನ್ನು ಪೊಲೀಸರು ಹಿಡಿದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕಿದವರನ್ನು ಹಿಡಿಯಲೇಬೇಕು. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಅಂಥದ್ದೊಂದು ಹೋದರೆ ಕೂಸುಗಳು ಎದ್ದು ಅಳುತ್ತವೆ. ಆದರೆ ಗಾಡಿ ಬದಲಾಯಿಸುವವರೆಲ್ಲ ಅಂಥವರಲ್ಲ.

ನಾನು ಪೀಣ್ಯದಲ್ಲಿ 31 ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ನನ್ನ 2012ರ ಸ್ಪ್ಲೆಂಡರ್ ಅನ್ನು ಡಿಪ್ಲೊಮಾ ಓದುವ ಮಗಳ ಜೊತೆ ಸೇರಿ ಬಾಬರ್ ಎಂಬ ಮಾದರಿಯ ಬೈಕ್ ಮಾಡಿದೆ. ಆರು ಭಾನುವಾರ ಹಿಡಿಯಿತು. 1930–40ರ ದಶಕದಲ್ಲಿ ಅಮೆರಿಕದ ಸವಾರರು ತೂಕ ಇಳಿಯಲಿ ಅಂತ ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಹಿಂದಿನದನ್ನು ಮೊಟಕು ಮಾಡಿ ಓಡಿಸುತ್ತಿದ್ದರು. ಬಾಬರ್ ಹುಟ್ಟಿದ್ದು ಹಾಗೆ. ಬೇಡದ್ದನ್ನು ಬಿಚ್ಚಿಡುವುದೇ ಅದರ ಚೆಂದ.

ನಾವು ಬಿಚ್ಚಿದ್ದೆಲ್ಲ ಸ್ಪ್ಯಾನರ್‌ನಿಂದ. ಚಾಸಿಗೆ ಗ್ರೈಂಡರ್ ಮುಟ್ಟಿಸಲಿಲ್ಲ. ಕಲಾಸಿಪಾಳ್ಯದಲ್ಲಿ ಸೀಟ್ ಹೊಲಿಯುವವರಿಂದ ಒಂಟಿ ಸೀಟ್ ಮಾಡಿಸಿ, ಮೊದಲಿದ್ದ ತೂತುಗಳಿಗೇ ಬೋಲ್ಟ್ ಹಾಕಿದೆವು. ಹಿಂದಿನ ಮಡ್‌ಗಾರ್ಡ್ ಅರ್ಧ ಚಕ್ರ ಮುಚ್ಚುವಷ್ಟು ಉಳಿಸಿಕೊಂಡೆವು. ಹಿಂದೆ ಬರುವವರ ಮುಖಕ್ಕೆ ಕೆಸರು ಸಿಡಿಯಬಾರದು ಅಲ್ವಾ? ಎಂಜಿನ್ ಅದೇ 97.2 ಸಿಸಿ, ಸೈಲೆನ್ಸರ್ ಕಂಪನಿಯದ್ದೇ, ಬಣ್ಣ ಆರ್‌ಸಿಯಲ್ಲಿರುವ ಕಪ್ಪೇ.

ಚಾಸಿ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ನನ್ನ ತಂಗಿಯ ಮಗ. ಅವನು ಒಂದು ಗ್ಯಾರೇಜ್‌ನಲ್ಲಿ ಸೀಟಿನ ಕೆಳಗಿನ ಪೈಪ್ ಕತ್ತರಿಸಿ ಬಗ್ಗಿಸಿ ವೆಲ್ಡ್ ಹಾಕಿಸಿದ್ದ. ನಾಯಂಡಹಳ್ಳಿ ಹತ್ತಿರ ಹಂಪ್ ಹಾರಿದಾಗ ಅದು ಬಿರುಕು ಬಿಟ್ಟಿತು. ಹುಡುಗ ಬಿದ್ದು ಮೊಣಕೈ ಮುರಿದುಕೊಂಡ. ಬೈಕ್ ತಂದು ನೋಡಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಏಟೆಲ್ಲ ಬೀಳುವ ಜಾಗದಲ್ಲೇ ಜಾಯಿಂಟ್! ವೆಲ್ಡ್ ಮೇಲ್ಗಡೆ ಮಾತ್ರ ಕೂತಿತ್ತು, ಒಳಗೆ ಹಿಡಿದೇ ಇರಲಿಲ್ಲ. ಪೈಪ್ ತೆಳು ಇದ್ದಾಗ ಶಾಖ ಜಾಸ್ತಿಯಾದರೆ ಪಕ್ಕದ ಲೋಹವೂ ಸೋಲುತ್ತದೆ. ಮೇಲೆ ಪುಟ್ಟಿ ತೀಡಿ ಪೇಂಟ್ ಹೊಡೆದರೆ ಯಾರಿಗೂ ಕಾಣುವುದಿಲ್ಲ. ದಯವಿಟ್ಟು ಹುಡುಗರೇ, ಚಾಸಿ ಕತ್ತರಿಸಬೇಡಿ.

ಈಗ ಕಾನೂನಿನ ಮಾತು. ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ನನ್ನ ಆರ್‌ಸಿಯಲ್ಲಿ ಇಬ್ಬರು ಕೂರುವ ಗಾಡಿ ಅಂತ ಇದೆ. ಹಾಗಾಗಿ ಆ ಒಂಟಿ ಸೀಟನ್ನು ಬಿಚ್ಚಿ ಹಳೆ ಬೆಡ್‌ಶೀಟ್‌ನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕೆಲಸಕ್ಕೆ ಹೋಗುವುದು ಹಳೆ ಉದ್ದ ಸೀಟಿನಲ್ಲೇ. ಮಗಳಿಗೆ ಬಹಳ ಬೇಜಾರಾಯಿತು, ನನಗೂ ಆಯಿತು.

ಜಾವಾದವರು ಪೆರಾಕ್ ಎಂಬ 334 ಸಿಸಿ ಬಾಬರ್ ಅನ್ನು ಒಂಟಿ ಸೀಟಿನಲ್ಲೇ ಮಾರಿದರು. ಅದು ಕಂಪನಿಯೇ ಸರ್ಕಾರಿ ಪರೀಕ್ಷೆ ಪಾಸು ಮಾಡಿಸಿ ತಂದ ಗಾಡಿ, ಸರಿ. ಆದರೆ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ಬರೆಸಿಕೊಳ್ಳಲು ದಾರಿ ಇದೆ. ಗ್ಯಾಸ್ ಸಿಲಿಂಡರ್‌ಗೆ ಸಿಗುವ ದಾರಿ ಒಂದು ಸೀಟಿಗೆ ಯಾಕಿಲ್ಲ?

ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ನೋಡಲಿ. ಚಾಸಿ ಕತ್ತರಿಸಿಲ್ಲ ತಾನೇ, ಮಡ್‌ಗಾರ್ಡ್, ಇಂಡಿಕೇಟರ್, ನಂಬರ್ ಪ್ಲೇಟ್ ಸರಿ ಇವೆಯಾ, ಬ್ರೇಕ್ ಹಿಡಿಯುತ್ತಾ, ಶಬ್ದ ಮಿತಿಯಲ್ಲಿದೆಯಾ ಅಂತ ಪರೀಕ್ಷಿಸಲಿ. ಫೀಸ್ ತಗೊಳ್ಳಲಿ. ಆಮೇಲೆ ‘ಒಬ್ಬರೇ ಕೂರುವ ಗಾಡಿ’ ಅಂತ ಆರ್‌ಸಿಯಲ್ಲಿ ಬರೆದುಕೊಡಲಿ. ಕಾಯ್ದೆ ಕೇಂದ್ರದ್ದು ಅಂತ ಗೊತ್ತು. ಅದಕ್ಕೇ ನಮ್ಮ ಸಾರಿಗೆ ಸಚಿವರು ದೆಹಲಿಗೆ ಬರೆಯಲಿ ಎಂದು ಕೇಳುತ್ತಿದ್ದೇನೆ. ಪರೀಕ್ಷೆಗೆ ಮೊದಲ ಗಾಡಿ ಬೇಕಿದ್ದರೆ ಕರೆದ ದಿನ ನನ್ನ ಸ್ಪ್ಲೆಂಡರ್ ತಂದು ನಿಲ್ಲಿಸುತ್ತೇನೆ.

– ಒಬ್ಬ ವೆಲ್ಡರ್, ಪೀಣ್ಯ, ಬೆಂಗಳೂರು