ಒತ್ತಿಗೆ ಜಾಗ ಬಿಟ್ಟವರಿಗೆ

ಕಳೆದ ಸೋಮವಾರಕ್ಕೆ ನನ್ನ ಆರು ತಿಂಗಳ ಪ್ರೊಬೇಷನ್ ಮುಗಿಯಿತು. ಈಗ ನಾನು ಮೈಸೂರಿನ ಒಂದು ಚಿಕ್ಕ ಕಂಪನಿಯಲ್ಲಿ ಪರ್ಮನೆಂಟ್. ಐಡಿ ಕಾರ್ಡಿನಲ್ಲಿ ಯುಐ ಯುಎಕ್ಸ್ ಡಿಸೈನರ್ ಅಂತ ಇದೆ, ಅಂದರೆ ಆ್ಯಪ್‌ನ ಸ್ಕ್ರೀನ್‌ಗಳು ಹೇಗೆ ಕಾಣಬೇಕು, ಹೇಗೆ ನಡೆಯಬೇಕು ಅಂತ ರೂಪಿಸುವವನು. ಅಮ್ಮ ಮಾತ್ರ ಕೇಳಿದವರಿಗೆಲ್ಲ "ಮೊಬೈಲ್ ಒಳಗಿರೋ ಬಟನ್ ಬರೀತಾನೆ" ಅಂತ ಹೇಳುತ್ತಾರೆ. ತಪ್ಪೇನೂ ಇಲ್ಲ ಬಿಡಿ.

ಹನ್ನೊಂದು ವರ್ಷ ಮಂಡ್ಯದಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ) ಮಾಡಿಕೊಂಡು ಇದ್ದವನು ಮೂವತ್ತಾರನೇ ವಯಸ್ಸಿನಲ್ಲಿ ಯಾಕೆ ಹೊಸ ಕೆಲಸ ಕಲಿಯಲು ಹೊರಟೆ, ಮಧ್ಯೆ ಐದು ತಿಂಗಳು ಯಾಕೆ ನಿಲ್ಲಿಸಿದೆ, ಅಪ್ಪನ ವಿಷಯ, ಆಸ್ಪತ್ರೆ ಓಡಾಟ, ಇದೆಲ್ಲ ನಿಮಗೆ ಗೊತ್ತು. ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇತ್ತು. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತೆ, ಅದಕ್ಕೇ ಈ ಬರಹ.

ಎರಡು ವರ್ಷ ನನ್ನ ಭಾನುವಾರಗಳನ್ನೆಲ್ಲ ಬಿಟ್ಟುಕೊಟ್ಟ ಹೆಂಡತಿಗೆ, ಮಗಳ ಸ್ಕೂಲ್ ಫೀಸನ್ನು ಒಂದು ಸಲ ಕಟ್ಟಿ ಇವತ್ತಿನವರೆಗೂ ಅದರ ಸುದ್ದಿ ಎತ್ತದ ಭಾವನಿಗೆ, ರಾತ್ರಿ ಹನ್ನೊಂದರ ಮೇಲೂ ನನ್ನ ಸ್ಕ್ರೀನ್‌ಗಳಿಗೆ ಕಾಮೆಂಟ್ ಹಾಕುತ್ತಿದ್ದ ಬೆಂಗಳೂರಿನ ಗೆಳೆಯನಿಗೆ, ಮಂಡ್ಯ-ಮೈಸೂರು ರೈಲಿನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಜಾಗ ಮಾಡಿಕೊಟ್ಟು ಯಲಿಯೂರು ಬರುವಷ್ಟರಲ್ಲಿ "ಇವತ್ತೇನು ಕಲಿತ್ರಿ ಸಾರ್" ಅಂತ ಕೇಳುತ್ತಿದ್ದ ಬೆಳಗಿನ ಪ್ಯಾಸೆಂಜರ್ ಗುಂಪಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಹೆಂಡತಿ ಬೈಯುತ್ತಾಳೆ. ಅವಳಿಗೆ ಮನೆಯಲ್ಲಿ ಬೇರೆ ಹೇಳುತ್ತೇನೆ.

ಕಲಿತದ್ದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಡಿಟಿಪಿ ಹುಡುಗರು ಈಚೆಗೆ ತುಂಬಾ ಜನ ಕೇಳುತ್ತಿದ್ದಾರೆ. ನಾವೆಲ್ಲ ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಅನ್ನೋ ಅಚ್ಚಿನ ಕೆಲಸದ ಸಾಫ್ಟ್‌ವೇರ್‌ಗಳಲ್ಲಿ ಬೆಳೆದವರು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಎಷ್ಟೋ ಅಂಗಡಿಗಳಲ್ಲಿ ಅದರ ಮೇಲೆ ಇನ್ನೂ ಲಗ್ನಪತ್ರಿಕೆ ಹೊರಡುತ್ತಿದೆ. ಆ್ಯಪ್‌ನ ಸ್ಕ್ರೀನ್ ಬರೆಯುವ ಫಿಗ್ಮಾ ಅನ್ನೋ ಸಾಫ್ಟ್‌ವೇರ್ ನಾನು ಶುರು ಮಾಡಬೇಕು ಅಂತಿದ್ದಾಗಲೇ, 2022ರ ಸೆಪ್ಟೆಂಬರ್‌ನಲ್ಲಿ, ಅಡೋಬಿ ಕಂಪನಿಯವರು 2000 ಕೋಟಿ ಡಾಲರ್ ಕೊಟ್ಟು ಫಿಗ್ಮಾ ಕೊಳ್ಳುತ್ತಾರೆ ಅಂತ ಸುದ್ದಿ ಬಂತು. ನನಗೆ ಹೆದರಿಕೆ. ಪೇಜ್‌ಮೇಕರ್ ಕೂಡ ಹೀಗೇ ಅಡೋಬಿ ಕೈಗೆ ಹೋಗಿ ಕೊನೆಗೆ ನಿಂತೇ ಹೋಯಿತಲ್ಲ. ಇದನ್ನು ಕಲಿತು ಮುಗಿಸುವ ಹೊತ್ತಿಗೆ ಇದೂ ಮುಚ್ಚಿದರೆ? 2023ರ ಡಿಸೆಂಬರ್‌ನಲ್ಲಿ ಆ ವ್ಯವಹಾರವೇ ಮುರಿದುಬಿತ್ತು. ಆ ಹೆದರಿಕೆಗೆ ಶುರು ಮಾಡೋದನ್ನು ಸುಮ್ನೆ ಮೂರು ತಿಂಗಳು ತಡ ಮಾಡಿಕೊಂಡಿದ್ದೆ.

ನಿಮಗೆ ಪೇಜ್‌ಮೇಕರ್‌ನ ಮಾಸ್ಟರ್ ಪೇಜ್ (ಎಲ್ಲ ಪುಟಕ್ಕೂ ಅನ್ವಯಿಸುವ ಮೂಲ ಪುಟ) ಗೊತ್ತಿದ್ದರೆ ಫಿಗ್ಮಾದ ಕಾಂಪೊನೆಂಟ್ ಅರ್ಧ ಗೊತ್ತಿದ್ದ ಹಾಗೆ. ಮೂಲ ಬಟನ್ ಒಂದು ಕಡೆ ತಿದ್ದಿದರೆ ಅದರ ನಕಲುಗಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ. ಆಟೋ ಲೇಔಟ್ ಮಾತ್ರ ನನ್ನ ಪ್ರಾಣ ತಿಂದಿತು. ಹನ್ನೊಂದು ವರ್ಷ ಪ್ರತಿಯೊಂದು ಅಕ್ಷರವನ್ನೂ ಮೌಸ್‌ನಲ್ಲಿ ಹಿಡಿದು ಕೂರಿಸಿದ ಕೈ ಇದು. "ಬಾಕ್ಸ್ ತಾನೇ ಬೆಳೆಯುತ್ತೆ, ನೀನು ಮುಟ್ಟಬೇಡ" ಅಂದರೆ ಕೇಳುತ್ತಾ? ಮೂರು ವಾರ ಹಿಡಿಯಿತು. ಬಣ್ಣ, ಅಕ್ಷರಗಳನ್ನು ಹೆಸರಿಟ್ಟು ಉಳಿಸಿಕೊಳ್ಳುವ ಸ್ಟೈಲ್ಸ್ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ, 2023ರ ಜೂನ್‌ನಲ್ಲಿ, ಬಣ್ಣ, ಅಳತೆಗಳ ಮೌಲ್ಯಕ್ಕೇ ಹೆಸರಿಡುವ ವೇರಿಯಬಲ್ಸ್ ಬಂತು. ಅದನ್ನು ನನಗೆ ಸರಿಯಾಗಿ ಹೇಳಿಕೊಟ್ಟವಳು ಈಗಿನ ಆಫೀಸಿನ ನನ್ನ ಟೀಮ್ ಲೀಡ್. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನನ್ನನ್ನು "ಸರ್" ಅಂತಾಳೆ, ಕೆಲಸದಲ್ಲಿ ತಪ್ಪಿದರೆ ಮಾತ್ರ ಮುಲಾಜಿಲ್ಲ. ಅವಳಿಗೂ ಥ್ಯಾಂಕ್ಸ್.

ಮೈಸೂರಿನ ಒಂದು ಇನ್‌ಸ್ಟಿಟ್ಯೂಟ್‌ಗೆ ಕಟ್ಟಿದ ದುಡ್ಡಿನ ಬಗ್ಗೆ ಏನೂ ಹೇಳುವುದಿಲ್ಲ. ಸರ್ಟಿಫಿಕೇಟ್ ಚೆನ್ನಾಗಿದೆ. ಲ್ಯಾಮಿನೇಷನ್ ಮಾಡಿದ್ದಾರೆ.

ಇನ್ನು ನಮ್ಮ ಅಂಗಡಿ ಅಣ್ಣನ ವಿಷಯ.

ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಊರಿನವರಿಗೆಲ್ಲ ಅವರು ಅಣ್ಣನೇ. ಹನ್ನೊಂದು ವರ್ಷವೂ ನಾನಿದ್ದದ್ದು ಅವರ ಅಂಗಡಿಯಲ್ಲೇ. ಅವರ ತಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಅಣ್ಣನೂ ಹುಡುಗನಾಗಿದ್ದಾಗ ಮೊಳೆಯ ಖಾನೆಗಳ ಮುಂದೆ ನಿಂತವರೇ. ಈಗಲೂ ಜೇಬಿನಲ್ಲಿ ಒಂದು ಕೆಂಪು ಪೆನ್ ಇರುತ್ತೆ. ಯಾವ ಪ್ರೂಫ್ ಕೊಟ್ಟರೂ, ಅದು ಪಕ್ಕದ ಅಂಗಡಿಯ ಕರಪತ್ರ ಆಗಿರಲಿ, ತಿದ್ದದೆ ವಾಪಸ್ ಕೊಡುವುದಿಲ್ಲ.

ಶ್ರಾವಣ ಶುರುವಾಗಿತ್ತು. ಆಷಾಢ ಕಳೆದ ತಕ್ಷಣ ಲಗ್ನಪತ್ರಿಕೆಗಳು ಹೇಗೆ ಮೇಲೆ ಬೀಳುತ್ತವೆ ಅಂತ ಪ್ರಿಂಟಿಂಗ್‌ನವರಿಗೆ ಗೊತ್ತು. ಅದೇ ವಾರ ನನಗೆ ಈ ಕಂಪನಿಯಿಂದ ಟಾಸ್ಕ್ ಬಂತು, ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಮಾಡಿಸಿ ನೋಡುತ್ತಾರಲ್ಲ, ಅದು. ಡೇರಿಗೆ ಹಾಲು ಹಾಕುವವರಿಗೆ ಒಂದು ಆ್ಯಪ್ ಡಿಸೈನ್ ಮಾಡಬೇಕು, ಅಷ್ಟೇ ಹೇಳಿದರೆ ಸಾಕು, ಮಿಕ್ಕಿದ್ದನ್ನು ನಿಮಗೆಲ್ಲ ಹೇಳಿ ಹೇಳಿ ಬೋರ್ ಹೊಡೆಸಿದ್ದೇನೆ. ಮೂರು ದಿನ ಟೈಮು. ಮೂರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಲಿಂಕ್ ಕಳಿಸಬೇಕು. ಹಿಂದಿನ ರಾತ್ರಿ ಹತ್ತೂವರೆಗೆ ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಉಸಿರು ನಿಲ್ಲಿಸಿತು. ಚಾರ್ಜರ್ ಬದಲಾಯಿಸಿದೆ, ಬ್ಯಾಟರಿ ಬಿಚ್ಚಿ ಹಾಕಿದೆ, ಏನೂ ಇಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ನಿದ್ದೆ. "ಬತ್ತೀನಿ ಇರು" ಅಂದರು, ಅಷ್ಟೇ. ಲುಂಗಿಯಲ್ಲೇ ಬಂದು ಶಟರ್ ಎತ್ತಿದರು. ಫೈಲ್ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ, ಫಿಗ್ಮಾ ಬ್ರೌಸರ್‌ನಲ್ಲೇ ನಡೆಯೋದಲ್ವಾ, ಅಂಗಡಿಯ ದೊಡ್ಡ ಸಿಸ್ಟಮ್‌ನಲ್ಲಿ ಲಾಗಿನ್ ಆದರೆ ಎಲ್ಲ ಹಾಗೇ ಇತ್ತು. ಆ ಸಿಸ್ಟಮ್‌ನಲ್ಲಿ ಅವತ್ತು ರಾತ್ರಿ ನಾನೂರು ಲಗ್ನಪತ್ರಿಕೆಯ ಕೆಲಸ ಮುಗಿಯಬೇಕಿತ್ತು. ನನಗೆ ಅದು ನೆನಪಾದದ್ದು ಬೆಳಗ್ಗೆ. ಅಣ್ಣ ಬಾಯಿ ಬಿಡಲಿಲ್ಲ.

ಒಂದೂವರೆ, ಎರಡು ಗಂಟೆ ಇರಬೇಕು. ನನ್ನ ಕೈ ನಿಂತು ಹೋಯಿತು. ಹಿಂದಿನ ತಿಂಗಳು ಬೇರೊಂದು ಕಂಪನಿಯ ಇಂಟರ್‌ವ್ಯೂನಲ್ಲಿ ನನ್ನ ಕೆಲಸ ನೋಡಿ ಒಬ್ಬರು ನಕ್ಕು, "ಇದು ಆ್ಯಪಾ, ಫ್ಲೆಕ್ಸಾ?" ಅಂದಿದ್ದರು. ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ. ಆ ಮಾತು ಆ ಹೊತ್ತಿನಲ್ಲಿ ಎದೆ ಮೇಲೆ ಬಂದು ಕೂತಿತು. ಅಪ್ಪ ಇಲ್ಲ, ಸಾಲ ಇದೆ, ಮೂವತ್ತೆಂಟು ವರ್ಷ ಆಯಿತು, ಇಪ್ಪತ್ತೆರಡರ ಹುಡುಗರ ಜೊತೆ ಓಡಲು ಬಂದಿದ್ದೇನೆ. ಅಳು ಬಂತು. ಬಂತು ಅಂದರೆ, ತಡೆಯೋಕೇ ಆಗಲಿಲ್ಲ. ಪ್ರಿಂಟರ್‌ಗೆ ಮುಚ್ಚುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡೆ, ಇಂಕ್ ವಾಸನೆ. "ಅಣ್ಣಾ, ನನ್ನ ಕೈಲಿ ಆಗಲ್ಲ. ನಾಳೆಯಿಂದ ಸುಮ್ನೆ ಫ್ಲೆಕ್ಸ್ ಮಾಡ್ಕೊಂಡು ಬಿದ್ದಿರ್ತೀನಿ" ಅಂದೆ.

ಅಣ್ಣ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಫ್ಲೆಕ್ಸ್ ಮಾಡೋದು ಅಷ್ಟು ಕೇವಲವೇನ್ಲಾ?" ಅಂದರು.

ಕೋಪದಲ್ಲಿ ಅನ್ನಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಆ ಅಂಗಡಿಯಿಂದಲೇ ಅವರು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು. ಆ ಅಂಗಡಿಯ ಸಂಬಳದಲ್ಲೇ ನನ್ನ ಮದುವೆ ಆದದ್ದು. ಯಾರೋ ನನಗೆ ಅಂದ ಮಾತನ್ನು ನಾನು ತಂದು ಅವರ ಮುಖಕ್ಕೆ ಎಸೆದಿದ್ದೆ, ಅದೂ ನಿದ್ದೆಗೆಟ್ಟು ನನಗೋಸ್ಕರ ಕೂತವರಿಗೆ. ಅವತ್ತು ಕ್ಷಮೆ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಈಗ ಎಲ್ಲರ ಮುಂದೆ ಕೇಳುತ್ತಿದ್ದೇನೆ. ತಪ್ಪಾಯಿತು ಅಣ್ಣ.

ಅವರು ಎದ್ದು ಹೋಗಲಿಲ್ಲ. ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಟ್ಟು, "ಎಲ್ಲಿ, ನನ್ ಮೊಬೈಲ್‌ಗೆ ಕಳ್ಸು. ನಾನು ಒತ್ತಿ ನೋಡ್ತೀನಿ. ನೀನು ಬಾಯ್ ಮುಚ್ಕಂಡು ಕೂತಿರು" ಅಂದರು. ಬಳಕೆದಾರರ ಪರೀಕ್ಷೆ ಮಾಡುವಾಗ ಡಿಸೈನರ್ ಬಾಯಿ ಮುಚ್ಚಿಕೊಂಡು ನೋಡಬೇಕು, ಮಧ್ಯೆ ಹೇಳಿಕೊಡಬಾರದು. ಕೋರ್ಸ್‌ನಲ್ಲಿ ಇದನ್ನು ಬರೆದುಕೊಂಡಿದ್ದೆ. ಐದು ಜನರ ಹತ್ತಿರ ಮಾಡಿಸಿದರೆ ಹೆಚ್ಚಿನ ತೊಂದರೆಗಳು ಸಿಕ್ಕಿಬಿಡುತ್ತವೆ ಅಂತ ಈ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನೂ ಓದಿದ್ದೆ. ಐದಲ್ಲ, ಒಬ್ಬರ ಹತ್ತಿರವೂ ಮಾಡಿಸಿರಲಿಲ್ಲ. ಪ್ರೋಟೋಟೈಪ್, ಅಂದರೆ ಒತ್ತಿ ನೋಡಬಹುದಾದ ಮಾದರಿಯ ಲಿಂಕ್ ಕಳಿಸಿದೆ.

ಅಣ್ಣ ಕನ್ನಡಕ ಹಣೆಗೆ ಏರಿಸಿದರು, ಮತ್ತೆ ಇಳಿಸಿದರು. ಮೊಬೈಲನ್ನು ದೂರ ಹಿಡಿದರು. "ಇದ್ಯಾಕ್ಲಾ ಇಷ್ಟು ಮಂಕಾಗೈತೆ? ಇಂಕ್ ಮುಗ್ದೋಯ್ತಾ?" ಬಣ್ಣದ ಕೋಡ್‌ನಲ್ಲಿ ಆರು ಒಂಬತ್ತು ಹಾಕಿ ಮಾಡಿದ ಬೂದು ಬಣ್ಣ ಅದು, 999999. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಅಂದರೆ ಎದ್ದು ಕಾಣುವ ಪ್ರಮಾಣ, ಸುಮಾರು 2.8. ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅಂತ ನಿಯಮ. ನಾನು ಅಂದವಾಗಿ ಕಾಣಲಿ ಅಂತ ಹಾಕಿದ್ದೆ.

ಹೆಬ್ಬೆರಳು ಎರಡು ಸಲ ತಪ್ಪು ಬಟನ್ ಮೇಲೆ ಬಿತ್ತು. ಆಂಡ್ರಾಯ್ಡ್‌ನಲ್ಲಿ ಬೆರಳಿಗೆ 48 ಡಿಪಿ (ಸ್ಕ್ರೀನಿನ ಒಂದು ಅಳತೆ) ಜಾಗ ಬಿಡಬೇಕು ಅಂತಾರೆ. ನಾನು ಬಿಟ್ಟದ್ದು 32.

ಆಮೇಲೆ ಒಂದು ಪುಟಕ್ಕೆ ಬಂದು ನಿಂತರು. ನಾನು ದೊಡ್ಡದಾಗಿ "ಪಾವತಿ ಇತಿಹಾಸ" ಅಂತ ಬರೆದಿದ್ದೆ. "ಇದೇನು? ಯಾವ ರಾಜಂದು?" ಅಂದರು. ಆ ಎರಡು ಗಂಟೆ ರಾತ್ರಿಯಲ್ಲಿ ನಕ್ಕುಬಿಟ್ಟೆ. "ಡೇರಿಗೆ ಹಾಲು ಹಾಕೋನು ಬಟವಾಡೆ ಯಾವತ್ತು ಅಂತ ಕೇಳ್ತಾನೆ ಕಣ್ಲಾ. ಬಟವಾಡೆ ಅಂತ ಹಾಕು." ಅವರ ಹಳ್ಳಿ ಮನೆಯಲ್ಲಿ ಎರಡು ಹಸು ಇವೆ. ನಮ್ಮ ಮನೆಯಲ್ಲೂ ಇದ್ದವು. ಅಪ್ಪನ ಬಾಯಲ್ಲಿ ಆ ಮಾತು ಕೇಳಿಯೇ ನಾನು ಬೆಳೆದದ್ದು. ಕಂಪ್ಯೂಟರ್ ಮುಂದೆ ಕೂತಾಗ ಅದು ಹೇಗೆ ಮರೆಯಿತೋ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡದು ಕೊನೆಗೆ ಸಿಕ್ಕಿತು. ಮೊಬೈಲನ್ನು ನನ್ನ ಕಡೆ ತಿರುಗಿಸಿ, "ಓದು" ಅಂದರು. ಓದಿದೆ. "ಒಟ್ಟು ಮೊತ್ತ." "ಕಣ್ಣು ಬಿಟ್ಟು ಓದು." ಆ ಬರಹ ಇದ್ದ ಚೌಕದ, ಅಂದರೆ ಕಾರ್ಡ್‌ನ ಎತ್ತರ ನಾನು ಕೈಯಾರೆ ಕಟ್ಟಿಹಾಕಿದ್ದೆ, ಅದರಿಂದ ಆಚೆ ಹೋದದ್ದೆಲ್ಲ ಕತ್ತರಿಸಿ ಹೋಗುತ್ತಿತ್ತು. ಕೆಳಗಿನ ಒತ್ತು ಎರಡೂ ಮಾಯ. ಸ್ಕ್ರೀನ್‌ನಲ್ಲಿ ಇದ್ದದ್ದು "ಒಟು ಮೊತ". ಮೂರು ದಿನದಿಂದ ಅದನ್ನೇ ನೋಡುತ್ತಿದ್ದೆ, ನನ್ನ ತಲೆಯೇ ಒತ್ತು ಸೇರಿಸಿಕೊಂಡು ಓದುತ್ತಿತ್ತು. ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲಿನ ಎತ್ತರ ಇಟ್ಟಿದ್ದೆ, 16ರ ಅಕ್ಷರಕ್ಕೆ 19. "ಒತ್ತಿಗೆ ಜಾಗ ಬಿಡ್ಬೇಕು ಕಣ್ಲಾ. ನಮ್ಮಪ್ಪ ಮೊಳೆ ಜೋಡ್ಸೋವಾಗ ಮೊದ್ಲು ಹೇಳ್ಕೊಟ್ಟಿದ್ದೇ ಅದು. ಕನ್ನಡ ಕೆಳಗಡೆನೂ ಉಸಿರಾಡ್ತದೆ ಅನ್ನೋರು."

ಸಾಲಿನ ಎತ್ತರ 26 ಮಾಡಿದೆ. ಆಟೋ ಲೇಔಟ್‌ನಲ್ಲಿ ಕಾರ್ಡನ್ನು ಹಗ್ ಅನ್ನೋ ಆಯ್ಕೆಗೆ ಹಾಕಿದೆ, ಒಳಗಿನದಕ್ಕೆ ತಕ್ಕಂತೆ ತಾನೇ ಬೆಳೆಯಿತು. ಕಾಂಪೊನೆಂಟ್ ಒಂದು ಕಡೆ ತಿದ್ದಿದ್ದಕ್ಕೆ ಇಪ್ಪತ್ತೆರಡು ಸ್ಕ್ರೀನ್‌ನಲ್ಲೂ ಒತ್ತುಗಳು ಒಟ್ಟಿಗೆ ಇಳಿದು ಬಂದವು. ಅಣ್ಣ ಕುರ್ಚಿ ಹತ್ತಿರ ಎಳೆದುಕೊಂಡು ಅದನ್ನು ನೋಡಿದರು. "ಇದು ಇಪ್ಪತ್ತು ವರ್ಷ ಮುಂಚೆ ಬಂದಿದ್ರೆ ನನ್ ಕಣ್ಣು ಉಳೀತಿತ್ತು" ಅಂದರು.

ಇನ್ನೊಂದು ತಲೆನೋವು ಉಳಿದಿತ್ತು. ಡೇರಿಯ ಪಟ್ಟಿಗಳು ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಇದ್ದವು. ಅದು ಎಲ್ಲ ಕಡೆ ನಡೆಯುವ ಯೂನಿಕೋಡ್ ಅಲ್ಲ, ಫಿಗ್ಮಾಗೆ ತಂದು ಹಾಕಿದರೆ ಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಣ್ಣ ಪಕ್ಕದ ಹಳೆಯ ಸಿಸ್ಟಮ್ ಆನ್ ಮಾಡಿಸಿದರು. ನನ್ನದೇ ಲಾಗಿನ್‌ನಲ್ಲಿ ಅದೇ ಫೈಲ್ ತೆರೆದೆ. ಅವರು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡುತ್ತಾ ಹೋದರು, ನಾನು ಹಿಂದೆಯೇ ಜೋಡಿಸುತ್ತಾ ಹೋದೆ. ಒಂದೇ ಸ್ಕ್ರೀನ್ ಮೇಲೆ ನನ್ನ ಹೆಸರಿನ ಎರಡು ಬಾಣಗಳು ಓಡಾಡುತ್ತಿದ್ದವು. ಒಂದು ಆತುರದ್ದು. ಇನ್ನೊಂದು ನಿಧಾನವಾಗಿ ಹೋಗಿ, ಪ್ರತಿ ಸಾಲಿನ ಕೊನೆಯಲ್ಲಿ ಒಂದು ಕ್ಷಣ ನಿಂತು, ಸರಿ ಇದೆಯಾ ನೋಡಿ, ಮುಂದಕ್ಕೆ ಹೋಗುತ್ತಿತ್ತು.

ಎಂಟೂ ಮುಕ್ಕಾಲಿಗೆ ಲಿಂಕ್ ಕಳಿಸಿದೆ. ಒಂಬತ್ತು ಗಂಟೆಗೆ ಲಗ್ನಪತ್ರಿಕೆಯ ಪಾರ್ಟಿ ಬಂದರು. ಕೆಲಸ ಆಗಿಲ್ಲ ಅಂತ ಗೊತ್ತಾಗಿ ಬಾಯಿಗೆ ಬಂದ ಹಾಗೆ ಬೈದರು. ಅಣ್ಣ "ಮಿಷನ್ ಕೆಟ್ಟೋಗಿತ್ತು ಸಾರ್, ಸಾಯಂಕಾಲ ಕೊಡ್ತೀನಿ" ಅಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಲಸ ಸಿಕ್ಕರೆ ನಾನು ಅಂಗಡಿ ಬಿಡುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಸಿಕ್ಕಿತು, ಬಿಟ್ಟೆ. ಅವರಿಗೆ ಇನ್ನೂ ಸರಿಯಾದ ಆಪರೇಟರ್ ಸಿಕ್ಕಿಲ್ಲ.

ಆಫೀಸಿನಲ್ಲಿ ಆಮೇಲೆ ಕೇಳಿದೆ, ನನ್ನ ಟಾಸ್ಕ್‌ನಲ್ಲಿ ಏನು ಇಷ್ಟ ಆಯಿತು ಅಂತ. ಲೀಡ್ ಹೇಳಿದಳು, "ಬಟವಾಡೆ ಅನ್ನೋ ಪದ ಸರ್. ಮಿಕ್ಕವರೆಲ್ಲ ಪಾವತಿ ಅಂತ ಹಾಕಿದ್ರು."

ಮೊದಲ ಸಂಬಳದಲ್ಲಿ ಅಣ್ಣನಿಗೆ ಒಂದು ಶರ್ಟ್ ಪೀಸ್ ತೆಗೆದುಕೊಂಡು ಹೋಗಿದ್ದೆ. ಇಸಿದುಕೊಂಡರು, ಇನ್ನೂ ಹೊಲಿಸಿಲ್ಲ. ಈಗಲೂ ಶನಿವಾರ ಸಾಯಂಕಾಲ ರೈಲು ಇಳಿದು ಅಂಗಡಿಗೆ ಹೋಗುತ್ತೇನೆ. ಕೆಲಸ ಇದ್ದರೆ ಒಂದೆರಡು ಪತ್ರಿಕೆ ಮಾಡಿಕೊಡುತ್ತೇನೆ. ಫ್ಲೆಕ್ಸ್ ಇದ್ದರೂ ಮಾಡುತ್ತೇನೆ.

ಅವರು ಇದನ್ನೆಲ್ಲ ಮೊಬೈಲ್‌ನಲ್ಲಿ ಓದುವವರಲ್ಲ. ಈ ಶನಿವಾರ ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟು ಬರುತ್ತೇನೆ. ಮುಂದಿನ ಶನಿವಾರ ವಾಪಸ್ ಸಿಗುತ್ತೆ, ತಪ್ಪುಗಳಿಗೆಲ್ಲ ಕೆಂಪು ಗೆರೆ ಹಾಕಿ.